ಇಪ್ಪತ್ತು ದಾಟಿದ ಬಾಕ್ಸ್‌ಸ್ಟರ್‌ಗೆ ಪೂರ್ತಿ ಪೇಂಟ್ ಹೊಡೆಸಬೇಕಾ?

ನೀವು ಕೇಳಿದ್ದು ಇಷ್ಟು: 2001ರ ಪೋರ್ಷೆ ಬಾಕ್ಸ್‌ಸ್ಟರ್ ಕೈಗೆ ಬಂದಿದೆ, ಮೈಸೂರಿನಲ್ಲಿ ಆರು ವರ್ಷ ಹೊಂಗೆ ಮರದ ಕೆಳಗೆ ನಿಂತಿತ್ತು, ಬಣ್ಣ ಮಂಕಾಗಿದೆ, ಮೈತುಂಬ ನೀರಿನ ಕಲೆ, ನೋಡಿದವರೆಲ್ಲ ಪೂರ್ತಿ ಪೇಂಟ್ ಹೊಡೆಸು ಅಂತಾರೆ, ಏನು ಮಾಡಲಿ?

ಹೊಡೆಸಬೇಡಿ. ಮೊದಲ ಎರಡು ತಿಂಗಳು ಆ ಮಾತೇ ಬೇಡ.

ನಾನು ಮಂಡ್ಯದವನು. ಹನ್ನೆರಡು ವರ್ಷದಿಂದ ಮೈಸೂರಿನ ಬೋಗಾದಿ ಕಡೆ ಒಂದು ಚಿಕ್ಕ ಶೆಡ್ಡಿನಲ್ಲಿ ಕಾರುಗಳ ಡೀಟೇಲಿಂಗ್, ಅಂದರೆ ತೊಳೆದು ಉಜ್ಜಿ ಹೊಳಪು ತರುವ ಕೆಲಸ, ಮಾಡಿಕೊಂಡಿದ್ದೇನೆ. ನಿಮ್ಮದೇ ಪೀಳಿಗೆಯ ಬಾಕ್ಸ್‌ಸ್ಟರ್, ಪೋರ್ಷೆಯವರ ಸಂಕೇತದಲ್ಲಿ 986, ಒಬ್ಬ ಡಾಕ್ಟರದ್ದು, ಏಳು ತಿಂಗಳು ನನ್ನ ಹತ್ತಿರ ಇತ್ತು. ಅದಕ್ಕೂ ಎಲ್ಲರೂ ಇದೇ ಸಲಹೆ ಕೊಟ್ಟಿದ್ದರು.

ಪೇಂಟ್ ಬೇಡ ಅನ್ನುವುದಕ್ಕೆ ಕಾರಣ ಹೇಳುತ್ತೇನೆ. ಕಾರ್ಖಾನೆಯಲ್ಲಿ ಬಣ್ಣ ಬಳಿಯುವಾಗ ಅದು ಬರೀ ಲೋಹದ ಮೈ. ರಬ್ಬರ್ ಇಲ್ಲ, ವೈರ್ ಇಲ್ಲ, ಸೀಟ್ ಇಲ್ಲ. ಹಾಗಾಗಿ ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ನಮ್ಮೂರಿನ ಒಳ್ಳೆಯ ಪೇಂಟ್ ಬೂತಿನಲ್ಲೂ ಪೂರ್ತಿ ಜೋಡಿಸಿದ ಕಾರನ್ನು 60 ಡಿಗ್ರಿಯ ಆಸುಪಾಸಿಗಿಂತ ಹೆಚ್ಚು ಬಿಸಿ ಮಾಡಲಾಗದು, ಪ್ಲಾಸ್ಟಿಕ್ ಬಾಗುತ್ತದೆ. ಅಂದರೆ ಎಷ್ಟೇ ದುಡ್ಡು ಸುರಿದರೂ ಆ ಮೊದಲ ಬಣ್ಣ ಮತ್ತೆ ಬರುವುದಿಲ್ಲ. ಮಂಕಾಗಿದ್ದರೂ ಅದು ಆ ಕಾರಿನ ಹುಟ್ಟು ಚರ್ಮ. ಉಳಿಸಿಕೊಳ್ಳಲು ಸಾಧ್ಯ ಇರುವಷ್ಟು ದಿನ ಉಳಿಸಿಕೊಳ್ಳಬೇಕು.

ಆದರೆ ನೀವು ಬಣ್ಣದ ಬಗ್ಗೆ ಕೇಳುತ್ತಿದ್ದೀರಿ, ನನಗೆ ಹೊಂಗೆ ಮರದ ಬಗ್ಗೆ ಚಿಂತೆ. ಯುಗಾದಿ ಹೊತ್ತಿಗೆ ಹೊಂಗೆ ಹೂ ಅರಳು ಚೆಲ್ಲಿದ ಹಾಗೆ ಉದುರುತ್ತದಲ್ಲ, ಅದೆಲ್ಲ ಹೋಗಿ ಸೇರುವುದು ಈ ಕಾರಿನ ಬಟ್ಟೆಯ ಚಾವಣಿ, ಅಂದರೆ ಟಾಪ್, ಮಡಚಿಕೊಳ್ಳುವ ಜಾಗಕ್ಕೆ. ಅಲ್ಲಿ ಎರಡೂ ಬದಿಯಲ್ಲಿ ಮಳೆನೀರು ಇಳಿದು ಹೋಗಲು ತೂತುಗಳಿವೆ. ಹೂವು, ಎಲೆ, ಧೂಳು ಸೇರಿ ಗೊಬ್ಬರದ ಹಾಗಾಗಿ ಅವು ಕಟ್ಟಿಕೊಳ್ಳುತ್ತವೆ. ಆಮೇಲೆ ನೀರು ಒಳಗೆ ಇಳಿದು ಕಾರ್ಪೆಟ್ ಕೆಳಗೆ ನಿಲ್ಲುತ್ತದೆ. ಈ ಕಾರಿನಲ್ಲಿ ಅಲಾರಂ ಮತ್ತು ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಇಂಜಿನ್ ಶುರುವಾಗದಂತೆ ತಡೆಯುವ ವ್ಯವಸ್ಥೆ) ಕಂಟ್ರೋಲ್ ಯೂನಿಟ್ ಇರುವುದು ಸೀಟಿನ ಕೆಳಗೆ, ನೆಲಕ್ಕೆ ಅಂಟಿಕೊಂಡ ಹಾಗೆ. ಡಾಕ್ಟರ ಕಾರಿನ ಕೀ ಕೆಲಸ ಮಾಡದೆ ಹೋದದ್ದು ಇದರಿಂದಲೇ. ಬ್ಯಾಟರಿ ಬದಲಿಸಿದ್ದರು, ಕೀ ಬ್ಯಾಟರಿ ಬದಲಿಸಿದ್ದರು. ನಾನು ಕಾರ್ಪೆಟ್ ಎತ್ತಿದರೆ ಕೆಳಗಿನ ಫೋಮು ಹಿಂಡಿದಷ್ಟೂ ನೀರು ಬಿಡುತ್ತಿತ್ತು.

ಆದ್ದರಿಂದ ಮೊದಲ ಕೆಲಸ ಇದು. ಬ್ಯಾಟರಿ ಕನೆಕ್ಷನ್ ಇದ್ದರೆ ಮೊದಲು ಸೀಟಿನ ಕೆಳಗೆ ಕೈ ಹಾಕಿ ಕಾರ್ಪೆಟ್ ಒದ್ದೆಯಾ ನೋಡಿ. ಒದ್ದೆ ಇದ್ದರೆ ಕೀ ತಿರುಗಿಸಲೇಬೇಡಿ, ಬ್ಯಾಟರಿ ಬಿಚ್ಚಿ ಒಣಗಿಸಿ. ಒಣಗಿದ್ದರೆ ಟಾಪನ್ನು ಅರ್ಧಕ್ಕೆ ತೆರೆದು ನಿಲ್ಲಿಸಿ, ಕಸವನ್ನು ಕೈಯಲ್ಲೇ ಎತ್ತಿ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರವನ್ನು ತೂತಿನೊಳಗೆ ಮೆಲ್ಲಗೆ ಇಳಿಸಿ. ಕಬ್ಬಿಣದ ತಂತಿ ಬೇಡ, ಏರ್ ಗನ್ ಬೇಡ, ಒಳಗಿನ ಪೈಪು ಕಳಚಿಕೊಂಡರೆ ಹುಡುಕುವುದು ಕಷ್ಟ. ಒಂದು ಲೋಟ ನೀರು ಹುಯ್ದರೆ ಹಿಂದಿನ ಚಕ್ರದ ಮುಂದೆ ನೆಲಕ್ಕೆ ಸುರಿಯಬೇಕು. ಮುಂದಿನ ಬಂಪರಿನ ಎರಡು ಬಾಯಿಗಳಲ್ಲೂ ಹೀಗೆಯೇ ಕಸ ಕೂರುತ್ತದೆ. ಒಳಗೆ ಎಸಿ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್, ಎರಡರ ನಡುವೆ ಒಣ ಎಲೆ ಕೂತು ಒದ್ದೆಯಾಗಿ ಲೋಹವನ್ನು ತಿನ್ನುತ್ತದೆ. ಬಂಪರ್ ಬಿಚ್ಚದೆ ಪೂರ್ತಿ ಸ್ವಚ್ಛ ಆಗುವುದಿಲ್ಲ. ಬಿಚ್ಚಿಸಿ.

ಇನ್ನು ಬಣ್ಣ. ಕಲೆಗಳಿಗೆ ಮುಖ್ಯ ಕಾರಣ ಬೋರ್‌ವೆಲ್ ನೀರು ಅಂತ ನನ್ನ ಅನುಮಾನ. ಗಡಸು ನೀರು ಬಿಸಿಲಲ್ಲಿ ಆರಿದಾಗ ಸುಣ್ಣದಂಶ ಉಳಿದು ಉಂಗುರ ಕಟ್ಟುತ್ತದೆ. ಮಂಡ್ಯದಲ್ಲಿ ನಮ್ಮನೆ ಬೋರಿನ ನೀರಲ್ಲಿ ತೊಳೆದ ಕಾರನ್ನು ಒರೆಸದೆ ಬಿಟ್ಟರೆ ಮಧ್ಯಾಹ್ನದೊಳಗೆ ಬೂದಿ ಎರಚಿದ ಹಾಗಾಗುತ್ತಿತ್ತು. ನಾನು ಈಗ ಕೊನೆಯ ತೊಳೆತಕ್ಕೆ ಚಾವಣಿಯಿಂದ ಹಿಡಿದಿಟ್ಟ ಮಳೆನೀರನ್ನೇ ಬಳಸುವುದು. ಮೇಲ್ಮೈಯಲ್ಲಿ ಮಾತ್ರ ಕೂತ ಕಲೆ, ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ನೆರಳಲ್ಲಿ ಒರೆಸಿ ತಕ್ಷಣ ತೊಳೆದರೆ ಹೋಗುತ್ತದೆ. ಯಾರೋ ಹುಣಸೆಹಣ್ಣು ಉಜ್ಜಿ ಅಂದರೆ ಕೇಳಬೇಡಿ, ಅದು ಹಿತ್ತಾಳೆ ಬಿಂದಿಗೆಗೆ ಸರಿ, ಅದರ ನಾರು ಬಣ್ಣವನ್ನು ಗೀರುತ್ತದೆ.

ತೊಳೆಯಲು ಎರಡು ಬಕೆಟ್ ಇಡಿ, ಒಂದರಲ್ಲಿ ಶಾಂಪೂ, ಇನ್ನೊಂದು ಗ್ಲೌಸ್ ಜಾಲಾಡಲು. ಹಳೆ ಬನಿಯನ್ ದೂರವಿಡಿ. ತೊಳೆದ ಮೇಲೆ ಐರನ್ ರಿಮೂವರ್ ಸಿಂಪಡಿಸಿದರೆ ಬ್ರೇಕಿನಿಂದ ಹಾರಿ ಕೂತ ಕಬ್ಬಿಣದ ಕಣಗಳ ಜಾಗದಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ಆಮೇಲೆ ಕ್ಲೇ, ಅಂದರೆ ಅಂಟಿಕೊಂಡ ಕೊಳೆ ಎತ್ತುವ ಜೇಡಿಯಂಥ ಮುದ್ದೆ, ಧಾರಾಳ ನೊರೆಯ ಮೇಲೆ, ಬೆರಳ ತುದಿಯ ಭಾರದಲ್ಲಿ. ಇಷ್ಟು ಮುಗಿದಾಗ ಅರ್ಧ ಜನ ಪೇಂಟ್ ಯೋಚನೆಯನ್ನೇ ಬಿಡುತ್ತಾರೆ.

ಪಾಲಿಶ್ ಯಂತ್ರ ಹಿಡಿಯುವ ಮುಂಚೆ ಪೇಂಟಿನ ದಪ್ಪ ಅಳೆಯುವ ಗೇಜ್ ಎಲ್ಲಿಂದಾದರೂ ತನ್ನಿ. ಇದು ನನ್ನ ಬೇಡಿಕೆ ಅಂತಲೇ ತಿಳಿಯಿರಿ. ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಎಲ್ಲ ಸೇರಿ ಕಾರ್ಖಾನೆಯ ಪೇಂಟು ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಅದರಲ್ಲಿ ಕ್ಲಿಯರ್ ಕೋಟ್ 40ರ ಆಸುಪಾಸು, ನಮ್ಮ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ನಾವು ಪಾಲಿಶ್ ಅನ್ನುವುದು ಆ ಪದರವನ್ನು ತೆಳುವಾಗಿ ಸವೆಸುವ ಕೆಲಸ. ಒರಟು ಪಾಲಿಶ್ ಪೇಸ್ಟಿನ ಒಂದು ಸುತ್ತಿಗೆ ಎರಡು ಮೂರು ಮೈಕ್ರಾನ್ ಹೋಗಬಹುದು. ಕೆಳಗಿನ ಬಣ್ಣವನ್ನು ಬಿಸಿಲಿನಿಂದ ಕಾಯುವುದು ಈ ಪದರವೇ, ಹಾಗಾಗಿ ಹೊಳಪಿನ ಆಸೆಗೆ ಮತ್ತೆ ಮತ್ತೆ ಉಜ್ಜಿಸಿದ ಕಾರು ಕೆಲವು ವರ್ಷದಲ್ಲಿ ಪೊರೆ ಏಳುತ್ತದೆ.

ಡಾಕ್ಟರ ಕಾರಿನ ಬಾನೆಟ್ಟಿನಲ್ಲಿ 118ರಿಂದ 125 ಬಂತು. ಹಿಂದಿನ ಬಲ ಫೆಂಡರಿನಲ್ಲಿ 290. ಅಲ್ಲಿ ಹಿಂದೆ ಯಾರೋ ಮತ್ತೆ ಪೇಂಟ್ ಹೊಡೆದಿದ್ದರು ಅಂತ ಅದರಲ್ಲೇ ಗೊತ್ತಾಯಿತು. 500 ದಾಟಿದರೆ ಕೆಳಗೆ ಪುಟ್ಟಿ ಇದೆ ಅಂತಲೇ ತಿಳಿಯಿರಿ. ಬಂಪರ್ ಎರಡೂ ಪ್ಲಾಸ್ಟಿಕ್, ಅಲ್ಲಿ ಸಾಮಾನ್ಯ ಗೇಜ್ ಓದುವುದಿಲ್ಲ.

ಕೆಲಸ ಶುರುಮಾಡಿದ ಎರಡನೇ ವರ್ಷ ನಾನು ಒಂದು ಕಾರಿನ ಬಾಗಿಲ ಅಂಚಿನಲ್ಲಿ ರೋಟರಿ (ಒಂದೇ ಸಮನೆ ಸುತ್ತುವ) ಪಾಲಿಶ್ ಯಂತ್ರ ಒಂದು ಕ್ಷಣ ಹೆಚ್ಚು ಹಿಡಿದು ಕ್ಲಿಯರ್ ಕೋಟ್ ದಾಟಿ ಬಣ್ಣಕ್ಕೇ ಇಳಿಸಿಬಿಟ್ಟೆ. ಅಂಚುಗಳಲ್ಲಿ ಪದರ ಯಾವಾಗಲೂ ತೆಳು, ಶಾಖವೂ ಅಲ್ಲೇ ಏರುವುದು. ಮಾಲೀಕರು ಬೈಯಲಿಲ್ಲ, ಆ ಗೆರೆಯನ್ನು ಸುಮ್ಮನೆ ಬೆರಳಿಂದ ಮುಟ್ಟಿ ನೋಡಿದರು. ಅವತ್ತಿನಿಂದ ಎಲ್ಲ ಅಂಚಿಗೂ ಟೇಪ್ ಹಚ್ಚದೆ ನಾನು ಸ್ವಿಚ್ ಒತ್ತಿಲ್ಲ.

ನೀವು ಸುತ್ತುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆ್ಯಕ್ಷನ್ ಯಂತ್ರವನ್ನೇ ಬಳಸಿ. ಬಾನೆಟ್ ಮೇಲೆ ಒಂದು ಮೊಳ ಚೌಕ ಗುರುತು ಮಾಡಿ, ಮೆತ್ತನೆ ಪ್ಯಾಡು, ಅತಿ ಸೌಮ್ಯ ಪಾಲಿಶ್ ಹಿಡಿದು ನೋಡಿ. ಹತ್ತರಲ್ಲಿ ಏಳು ಗೀರು ಹೋದರೆ ಸಾಕು, ಇಡೀ ಕಾರಿಗೆ ಅಷ್ಟೇ ಮಾಡಿ ನಿಲ್ಲಿಸಿ. ಒಳಗೆ ತಿಂದುಹೋದ ನೀರಿನ ಕಲೆ ಕೆಲವು ಉಳಿಯುತ್ತವೆ. ಉಳಿಯಲಿ. ಅವನ್ನು ತೆಗೆಯಲು ಹೋದರೆ ತೆಗೆಯಬಾರದ್ದೂ ಹೋಗುತ್ತದೆ. ಮೇಲೆ ಮೇಣ ಹಾಕುತ್ತೀರೋ ಸೆರಾಮಿಕ್ ಲೇಪ ಹಾಕುತ್ತೀರೋ ನಿಮ್ಮಿಷ್ಟ, ಮರದ ಕೆಳಗೆ ಮಾತ್ರ ಮತ್ತೆ ನಿಲ್ಲಿಸಬೇಡಿ.

ನಿಮ್ಮ ವರ್ಷದ ಕಾರಿಗೆ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು, 2003ರ ಮಾಡೆಲ್‌ನಿಂದ ಗಾಜು ಬಂತು. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಅದಕ್ಕೆ ವಿಷ. ಪ್ಲಾಸ್ಟಿಕ್ ಪಾಲಿಶನ್ನೇ ಹಚ್ಚಿ, ಟಾಪ್ ಮಡಚುವಾಗ ಮಡಿಕೆಯಲ್ಲಿ ಮೆತ್ತನೆ ಟವೆಲ್ ಸುತ್ತಿಡಿ. ಹಳದಿಯಾದ ಹೆಡ್‌ಲೈಟನ್ನು 1000, 2000, 3000 ಸ್ಯಾಂಡ್‌ಪೇಪರಿನಲ್ಲಿ ನೀರು ಹಾಕಿ ಉಜ್ಜಿದರೆ ತಿಳಿಯಾಗುತ್ತದೆ, ಆದರೆ ಮೇಲೆ ಬಿಸಿಲು ತಡೆಯುವ ಯುವಿ ಕೋಟ್ ಹಾಕದಿದ್ದರೆ ಮತ್ತೆ ಬೇಗ ಹಳದಿ.

ಆಯುಧಪೂಜೆಗೆ ಕಾರನ್ನು ಖಂಡಿತ ಸಿಂಗರಿಸಿ, ನಾನೂ ಮಾಡುತ್ತೇನೆ. ಕುಂಕುಮ, ಗಂಧವನ್ನು ಗಾಜಿನ ಮೇಲೆ ಇಡಿ, ಬಣ್ಣದ ಮೇಲೆ ಬೇಡ. ಹಾರ ಕಟ್ಟಿಕೊಂಡು ಚಾಮುಂಡಿ ಬೆಟ್ಟ ಹತ್ತಿ ಇಳಿದರೆ ಗಾಳಿಗೆ ದಾರ ಅಲ್ಲಾಡಿ ಬಾನೆಟ್ ತುಂಬ ಗೀರು. ಪೂಜೆ ಮುಗಿದು ಮಂಗಳಾರತಿ ಆದಮೇಲೆ ಹಾರ ಬಿಚ್ಚಿ ಹೊರಡಿ.

ಇಂಜಿನ್ ನನ್ನ ವಿಷಯವಲ್ಲ, ಒಂದೇ ಮಾತು. ನಿಮ್ಮ ವರ್ಷದ 2.7 ಲೀಟರ್ ಇಂಜಿನ್‌ಗಳಲ್ಲಿ ಒಳಗಿನ ಇಂಟರ್‌ಮೀಡಿಯೇಟ್ ಶಾಫ್ಟಿಗೆ (ಒಳಗೆ ತಿರುಗುವ ಒಂದು ದಂಡಕ್ಕೆ) ಒಂದೇ ಸಾಲು ಗುಂಡಿನ ಬೇರಿಂಗ್ ಇರಬಹುದು, ಅದು ಸೋತರೆ ಇಂಜಿನ್ನೇ ಹೋಗುತ್ತದೆ. ಆಯಿಲ್ ಫಿಲ್ಟರ್ ಬಿಚ್ಚಿ ಮಡಿಕೆಗಳಲ್ಲಿ ಲೋಹದ ಮಿನುಗು ಇದೆಯಾ ನೋಡಿಸಿ. ಕ್ಲಚ್ ಬದಲಿಸುವ ದಿನ ಬಂದರೆ ಗೇರ್‌ಬಾಕ್ಸ್ ಹೇಗೂ ಇಳಿಯುತ್ತದೆ, ಆಗಲೇ ಬೇರಿಂಗನ್ನೂ ಹಿಂದಿನ ಆಯಿಲ್ ಸೀಲನ್ನೂ ಬದಲಿಸಿ.

ಡಾಕ್ಟರ ಕಾರಿನ ಆ ಕಂಟ್ರೋಲ್ ಯೂನಿಟ್ ತರಿಸಿ ಕೋಡ್ ಮಾಡಿಸಲು ಎರಡು ತಿಂಗಳಾಯಿತು, ಕಾರ್ಪೆಟ್ ಪೂರ್ತಿ ಒಣಗಲು ಹದಿನೈದು ದಿನ. ಬಣ್ಣಕ್ಕೆ ಹಿಡಿದದ್ದು ಬರೀ ನಾಲ್ಕು ದಿನ. ಈ ವಾರ ಆ ತೂತುಗಳನ್ನು ಬಿಡಿಸಿ, ಬಾನೆಟ್ಟಿನ ಐದು ಜಾಗದಲ್ಲಿ ಗೇಜ್ ಇಟ್ಟು ಬಂದ ಅಂಕಿಗಳನ್ನು ಇಲ್ಲೇ ಬರೆಯಿರಿ. ಎಲ್ಲಿಯವರೆಗೆ ಉಜ್ಜಬಹುದು ಅಂತ ಅದನ್ನು ನೋಡಿ ಹೇಳುತ್ತೇನೆ.