ಜೋಂಬಿಯನ್ನು ನಂಬಿದೆ, ಗಡಿಯಾರವನ್ನು ನಂಬಲಾಗಲಿಲ್ಲ

ನಮಸ್ಕಾರ.

ನಿಮ್ಮ ಜೋಂಬಿ ಕಥೆ ಓದಿದೆ. ಮೆಜೆಸ್ಟಿಕ್‌ನ ಮಾತುಕತೆ ಚೆನ್ನಾಗಿದೆ, ಭಾಷೆ ಹದವಾಗಿದೆ. ಆದರೆ ಏಳನೇ ಪುಟಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂತು. ಇಷ್ಟು ಒಳ್ಳೆಯ ಕಥೆ ಬರೀ ಲೆಕ್ಕ ತಪ್ಪಿ ಕೆಡುತ್ತಿದೆ.

ಮೂರನೇ ಪುಟ: "ಹೂವಿನವನ ಕತ್ತಿಗೆ ಹಲ್ಲು ನಾಟಿತು. ಹತ್ತು ಎಣಿಸುವಷ್ಟರಲ್ಲಿ ಅವನೂ ಎದ್ದ." ಸರಿ, ಒಪ್ಪಿದೆ. ಏಳನೇ ಪುಟದಲ್ಲಿ ಅಂಗೈಗೆ ಕಚ್ಚಿಸಿಕೊಂಡವನು ಕರ್ಚೀಫ್ ಸುತ್ತಿಕೊಂಡು ಹುಬ್ಬಳ್ಳಿ ರೈಲು ಹತ್ತುತ್ತಾನೆ, ಅಪ್ಪರ್ ಬರ್ತ್‌ನಲ್ಲಿ ಮಲಗುತ್ತಾನೆ, ಹಾವೇರಿ ದಾಟಿದ ಮೇಲೆ ಜೋಂಬಿಯಾಗುತ್ತಾನೆ. ಹತ್ತು ಸೆಕೆಂಡಿನ ರೋಗ ಪ್ಲಾಟ್‌ಫಾರ್ಮನ್ನೇ ದಾಟುವುದಿಲ್ಲ, ಹುಬ್ಬಳ್ಳಿಗೆ ಹೇಗೆ ಹೋಯಿತು? ಹನ್ನೊಂದನೇ ಪುಟದಲ್ಲಿ ಭುಜಕ್ಕೆ ಕಚ್ಚಿಸಿಕೊಂಡ ತಂಗಿ ಎರಡು ದಿನ ಅಣ್ಣನ ಜೊತೆ ಮಾತಾಡುತ್ತಾಳೆ. ಅವಳ ಸಾವು ಕಣ್ಣೀರು ತರಿಸಬೇಕೆಂದರೆ ನಿಮಗೆ ಸಮಯ ಬೇಕಿತ್ತು, ತೆಗೆದುಕೊಂಡಿರಿ. ಓದುಗನಿಗೆ ಅದು ಅಲ್ಲೇ ಗೊತ್ತಾಗಿಬಿಡುತ್ತದೆ. ಸತ್ತವರು ಎದ್ದು ನಡೆಯುತ್ತಾರೆ ಎನ್ನುವುದನ್ನು ಅವನು ತಕರಾರಿಲ್ಲದೆ ಒಪ್ಪಿದ್ದಾನೆ. ಇನ್ನು ಒಪ್ಪಿಸಬೇಕಾದ್ದೆಲ್ಲ ಆ ರೋಗದ ನಿಯಮದೊಳಗೇ ಬರಬೇಕು.

ನಿಯಮ ಬೇಕಿದ್ದರೆ ರೇಬಿಸ್ ನೋಡಿ. ಕಚ್ಚಿದ ಜಾಗದಿಂದ ವೈರಸ್ ನರಗಳ ಗುಂಟ ಮಿದುಳಿಗೆ ಸಾಗುತ್ತದೆ. ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು, ಆದರೆ ಮುಖ, ಕತ್ತಿಗೆ ಆದ ಕಡಿತ ಕಾಲಿನ ಕಡಿತಕ್ಕಿಂತ ಬೇಗ ಮಿದುಳು ಮುಟ್ಟುತ್ತದೆ. ನಿಮ್ಮ ರೋಗದ ವೇಗ ಎಷ್ಟಾದರೂ ಇರಲಿ, ಈ ದೂರದ ನಿಯಮ ಇಟ್ಟುಕೊಳ್ಳಿ. ಕತ್ತಿಗೆ ಕಚ್ಚಿದರೆ ಸೆಕೆಂಡುಗಳು, ಅಂಗೈಗೆ ಕಚ್ಚಿದರೆ ಒಂದು ರಾತ್ರಿ. ಆಗ ಹೂವಿನವನೂ ಉಳಿಯುತ್ತಾನೆ, ರೈಲಿನವನೂ ಉಳಿಯುತ್ತಾನೆ. ತಂಗಿಯ ಭುಜದ ಗಾಯವನ್ನು ಮಾತ್ರ ಹಿಮ್ಮಡಿಗೆ ಇಳಿಸಿ, ಎರಡು ದಿನ ಸಿಗುತ್ತದೆ. ಅಣ್ಣ ಪದೇ ಪದೇ ಆ ಹಿಮ್ಮಡಿ ನೋಡುವಂತೆ ಬರೆದರೆ ಸಾಕು, ವಿವರಣೆಯ ಪ್ಯಾರಾ ಬೇಕಿಲ್ಲ. ವಿಜ್ಞಾನಿ ಬಂದು ಭಾಷಣ ಮಾಡುವ ಒಂಬತ್ತನೇ ಪುಟವನ್ನು ಪೂರ್ತಿ ತೆಗೆಯಿರಿ.

ಇನ್ನು ಈ ಸಾಲು: "ರಾತ್ರಿ ಹನ್ನೊಂದಕ್ಕೆ ಒಂದೇ ಒಂದು. ಬೆಳಗ್ಗೆ ಐದಕ್ಕೆ ಇಡೀ ಬೆಂಗಳೂರು." ಒಂದೊಂದು ಜೋಂಬಿ ಗಂಟೆಗೆ ಒಬ್ಬರನ್ನು ಕಚ್ಚಿದರೆ ಸಂಖ್ಯೆ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ. ಬೆಳಗ್ಗೆ ಐದಕ್ಕೆ 64 ಆಗುತ್ತವೆ, ಅಷ್ಟೇ. ಕೋಟಿ ದಾಟಬೇಕಾದರೆ 24 ಸಲ ಇಮ್ಮಡಿಯಾಗಬೇಕು, ಅಂದರೆ ಆರು ಗಂಟೆಯಲ್ಲಿ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ. ನಿಮ್ಮ ಜೋಂಬಿಗಳೋ ಕುಂಟುತ್ತವೆ, ಚಿಲಕ ತೆಗೆಯಲು ಬರುವುದಿಲ್ಲ. ಊರು ಬಾಗಿಲು ಹಾಕಿಕೊಂಡು ಮಲಗಿದೆ. ಕಚ್ಚಲು ಜನ ಎಲ್ಲಿ? ಗುಂಪು ಬೆಳೆದಂತೆ ಒಳಗಿರುವ ಜೋಂಬಿಗೆ ಸುತ್ತ ಜೋಂಬಿಗಳೇ ಸಿಗುತ್ತವೆ, ಅಂಚಿನವು ಮಾತ್ರ ಕಚ್ಚುತ್ತವೆ, ವೇಗ ಇನ್ನೂ ಕುಸಿಯುತ್ತದೆ. ಹಾಗಾಗಿ ಊರು ಬೀಳಲು ಮೂರು ರಾತ್ರಿ ಕೊಡಿ. ಅಂಗೈ ಗಾಯ ಮುಚ್ಚಿಟ್ಟುಕೊಂಡು ಮನೆಗೆ ಹೋದವರು ಒಳಗಿನಿಂದಲೇ ಚಿಲಕ ಹಾಕಿಕೊಂಡಿರುತ್ತಾರಲ್ಲ, ರೋಗ ಆ ಮನೆಗಳ ಒಳಗೆ ಹರಡಲಿ. ಬೀದಿಯಲ್ಲಿ ಓಡಾಡುವ ಸೈನ್ಯಕ್ಕಿಂತ ಅದು ಹೆಚ್ಚು ಹೆದರಿಸುತ್ತದೆ.

ನಾನು ಕೆಲಸ ಕಲಿತದ್ದು ಕರಡು ತಿದ್ದುತ್ತಾ. ನನಗೆ ಕಲಿಸಿದ ಹಿರಿಯರು ರೋಚಕ ಕಥೆಗಳ ಅಂಚಿನಲ್ಲಿ ಪ್ರತಿ ಘಟನೆಗೂ ಗಂಟೆ ಬರೆಸುತ್ತಿದ್ದರು. ನೀವೂ ಹಾಗೆ ಮಾಡಿ. ಪ್ರತಿ ಕಡಿತದ ಪಕ್ಕ ಪೆನ್ಸಿಲ್‌ನಲ್ಲಿ ಮೂರು ವಿಷಯ ಇರಲಿ: ಕಚ್ಚಿದ್ದು ಎಷ್ಟು ಹೊತ್ತಿಗೆ, ಎಲ್ಲಿಗೆ, ಎದ್ದದ್ದು ಎಷ್ಟು ಹೊತ್ತಿಗೆ. ಆ ಗುರುತುಗಳನ್ನು ಅಳಿಸದೆ ಪ್ರತಿ ಕಳಿಸಿ, ಅವನ್ನೇ ಮೊದಲು ನೋಡುತ್ತೇನೆ.