ಆನ್‌ಲೈನ್ ಮಾರಾಟಕ್ಕೂ ಬ್ಯಾಂಕಿಗೆ ಬಂದ ಹಣಕ್ಕೂ ಯಾಕೆ ತಾಳೆ ಆಗುವುದಿಲ್ಲ?

ಉಡುಪಿಯಿಂದ ಆನ್‌ಲೈನ್‌ನಲ್ಲಿ ಗೋಡಂಬಿ ಮಾರುತ್ತೀರಿ. ಬ್ಯಾಂಕಿಗೆ ಬಂದ ಮೊತ್ತವನ್ನೇ ಮಾರಾಟ ಎಂದು ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಹಾಕಿದ್ದೀರಿ. ನೀವು ಮಾರುವ ಆನ್‌ಲೈನ್ ಅಂಗಡಿಯ, ಅಂದರೆ ಪೋರ್ಟಲ್‌ನ ವರದಿಯಲ್ಲಿ ಬೇರೆಯೇ ಅಂಕಿ ಇದೆ, ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಸರಿ. ಟ್ಯಾಲಿಗೆ ಹಾಕಿದ ರೀತಿ ಮಾತ್ರ ತಪ್ಪು.

ನಾನು ಮಂಗಳೂರಿನ ಬಂದರು ಪ್ರದೇಶದಲ್ಲಿ ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಆನ್‌ಲೈನ್ ವ್ಯಾಪಾರಕ್ಕೆ ಇಳಿದವರು ಮೊದಲ ವರ್ಷ ಇಲ್ಲೇ ಎಡವುವುದನ್ನು ತುಂಬಾ ನೋಡಿದ್ದೇನೆ. ಮಂಡಿಗೆ ಅಡಿಕೆ ಹಾಕಿ ಗೊತ್ತಿದ್ದರೆ ಇದು ಬೇಗ ಅರ್ಥ ಆಗುತ್ತದೆ. ಹಮಾಲಿ, ಮೊದಲೇ ತೆಗೆದ ಮುಂಗಡ ಎಲ್ಲ ಮುರಿದುಕೊಂಡು ಉಳಿದದ್ದನ್ನು ಕೈಗೆ ಕೊಡುತ್ತಾರೆ. ಅದು ಪಟ್ಟಿಯ ಕೊನೆಯ ಸಾಲು. ಅಡಿಕೆಯ ಬೆಲೆ ಮೇಲೆ ಎಲ್ಲೋ ಇರುತ್ತದೆ, ಅಲ್ವಾ?

ಒಂದೇ ಒಂದು ಆರ್ಡರ್ ತೆಗೆದು ನೋಡೋಣ. ಡಬ್ಲ್ಯೂ 320 ದರ್ಜೆಯ ಗೋಡಂಬಿಯ ಅರ್ಧ ಕಿಲೋ ಪ್ಯಾಕೆಟ್, ಗ್ರಾಹಕ ಕೊಟ್ಟದ್ದು 630 ರೂಪಾಯಿ. ಗೋಡಂಬಿಗೆ ಜಿಎಸ್‌ಟಿ 5 ಪರ್ಸೆಂಟ್. ಹಾಗಾಗಿ ಮಾರಾಟ 600, ತೆರಿಗೆ 30. ಕಮಿಷನ್ 60, ಕೊರಿಯರ್ 70 ಎಂದು ಇಟ್ಟುಕೊಳ್ಳಿ. ಆ 130ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 23.40. ಇದಲ್ಲದೆ ಪೋರ್ಟಲ್‌ನವರು ಜಿಎಸ್‌ಟಿಯ ಟಿಸಿಎಸ್ (ನಿಮ್ಮ ಹೆಸರಲ್ಲಿ ಸರ್ಕಾರಕ್ಕೆ ಮೊದಲೇ ಕಟ್ಟುವ ತೆರಿಗೆ) ಎಂದು 3 ರೂಪಾಯಿ ಹಿಡಿಯುತ್ತಾರೆ. ಮೊದಲು ಇದು 1 ಪರ್ಸೆಂಟ್ ಇತ್ತು, 2024ರ ಜುಲೈ 10ರಿಂದ ಅರ್ಧ ಪರ್ಸೆಂಟ್. ಹಾಗೆಯೇ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಅಂದರೆ ಟಿಡಿಎಸ್, 60 ಪೈಸೆ. 2024ರ ಅಕ್ಟೋಬರ್ 1ರಿಂದ ಅದು 0.1 ಪರ್ಸೆಂಟ್‌ಗೆ ಇಳಿದಿದೆ. ಎಲ್ಲ ಕಳೆದು ನಿಮ್ಮ ಬ್ಯಾಂಕಿಗೆ ಬೀಳುವುದು 473.

ನೀವು ಬರೆದದ್ದು ಈ 473 ಮಾತ್ರ. ಪೋರ್ಟಲ್‌ನವರು ಜಿಎಸ್‌ಟಿಆರ್-8 ಎಂಬ ತಮ್ಮ ತಿಂಗಳ ರಿಟರ್ನಿನಲ್ಲಿ ನಿಮ್ಮ ಮಾರಾಟ 600 ಎಂದು ಸರ್ಕಾರಕ್ಕೆ ಹೇಳಿ ಆಗಿದೆ. ನೋಟಿಸ್ ಬರುವುದು ಇಲ್ಲಿಂದಲೇ. ನಷ್ಟವೂ ಇದೆ. 23.40 ನಿಮ್ಮ ಇನ್‌ಪುಟ್ ಕ್ರೆಡಿಟ್, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಿಂದ ಮುರಿದುಕೊಳ್ಳಬಹುದಾದ ಮೊತ್ತ. ತಿಂಗಳಿಗೆ 400 ಆರ್ಡರ್ ಇದ್ದರೆ 9,360 ರೂಪಾಯಿಯನ್ನು ಸುಮ್ನೆ ಬಿಟ್ಟ ಹಾಗೆ.

ಟ್ಯಾಲಿಯಲ್ಲಿ ಪೋರ್ಟಲ್‌ನ ಹೆಸರಲ್ಲಿ ಒಂದು ಲೆಡ್ಜರ್ ತೆರೆಯಿರಿ. ಸಾಲದ ಗಿರಾಕಿಯ ಖಾತೆಯ ಹಾಗೆ. ಮಾರಾಟ ಆದಾಗ ಪೂರ್ತಿ 630 ಅದರ ಹೆಸರಿಗೆ ಬಾಕಿ ಬರೆಯಿರಿ. ಸೆಟಲ್‌ಮೆಂಟ್, ಅಂದರೆ ಪೋರ್ಟಲ್‌ನವರ ಹಣ ಬಂದಾಗ ಅದರಲ್ಲಿ 473 ಬ್ಯಾಂಕಿಗೆ, 130 ಖರ್ಚಿಗೆ, 23.40 ಇನ್‌ಪುಟ್‌ಗೆ, 3 ಮತ್ತು 60 ಪೈಸೆ ಬರಬೇಕಾದ ಟಿಸಿಎಸ್, ಟಿಡಿಎಸ್‌ಗೆ. ಆ ಆರ್ಡರಿನ ಬಾಕಿ ಸೊನ್ನೆ ಆಗಬೇಕು. ಹೊಂದಿಸುವಾಗ ಆರ್ಡರ್ ನಂಬರ್ ಹಿಡಿದೇ ಹೊಂದಿಸಿ. ತಾರೀಕು, ಮೊತ್ತ ನೋಡಿ ಹೊಂದಿಸಲು ಹೋದರೆ ಕೆಡುತ್ತದೆ, ಒಂದೇ ದಿನ ಒಂದೇ ಬೆಲೆಗೆ ಹತ್ತು ಪ್ಯಾಕೆಟ್ ಹೋಗಿರುತ್ತವೆ. ತಿಂಗಳ ಕೊನೆಗೆ ಲೆಡ್ಜರಿನಲ್ಲಿ ಉಳಿಯುವ ಮೊತ್ತ, ಹಣ ಬರಬೇಕಾದ ಆರ್ಡರ್‌ಗಳ ಮೊತ್ತಕ್ಕೆ ಸರಿಯಾಗಿ ಕೂರಬೇಕು. ಮಾರ್ಚ್ ಕೊನೆಯ ವಾರ ಕಳಿಸಿದ ಮಾಲಿನ ಹಣ ಏಪ್ರಿಲ್‌ನಲ್ಲಿ ಬಂದರೂ ಮಾರಾಟ ಮಾರ್ಚ್‌ನದ್ದೇ.

ವಾಪಸ್ ಬಂದ ಮಾಲಿನ ಬಗ್ಗೆ ಜಾಸ್ತಿ ಎಚ್ಚರ ಬೇಕು. ವಾಪಸ್ ಬಂದರೆ ಆ ಮಾರಾಟವನ್ನು ರದ್ದು ಮಾಡುವ ಕ್ರೆಡಿಟ್ ನೋಟ್ ಹಾಕಬೇಕು, ಆದರೆ ಪ್ಯಾಕೆಟ್ ಕಣ್ಣಾರೆ ನೋಡಿದ ಮೇಲೆ. ನಾನು ಲೆಕ್ಕ ನೋಡುವ ಒಬ್ಬರ ಪೋರ್ಟಲ್ ಲೆಡ್ಜರಿನಲ್ಲಿ ಒಮ್ಮೆ 8,190 ರೂಪಾಯಿ ಕರಗದೆ ಉಳಿದಿತ್ತು. ಒಂದೊಂದೇ ಆರ್ಡರ್ ತೆಗೆದು ನೋಡಿದರೆ 13 ಪ್ಯಾಕೆಟ್. ಪೋರ್ಟಲ್‌ನಲ್ಲಿ ವಾಪಸ್ ತಲುಪಿದೆ ಎಂದಿತ್ತು. ಅವರ ಗೋದಾಮಿನ ಪುಸ್ತಕದಲ್ಲಿ ಒಂದೂ ಇಲ್ಲ. ಅಷ್ಟರಲ್ಲಿ ಒಂಬತ್ತಕ್ಕೆ ದೂರು ಕೊಡುವ ಗಡುವು ಮುಗಿದಿತ್ತು, ನಾಲ್ಕಕ್ಕೆ ಮಾತ್ರ ಪರಿಹಾರ ಸಿಕ್ಕಿತು. ಅವರ ಮನೆಯ ಹೆಂಗಸರು ರಾತ್ರಿ ಕೂತು ಪ್ಯಾಕ್ ಮಾಡಿದ ಮಾಲು ಅದು. ನನಗೆ ಈಗಲೂ ಬೇಜಾರಾಗುತ್ತದೆ. ಅದಕ್ಕೇ ವಾರಕ್ಕೊಮ್ಮೆ ತಾಳೆ ನೋಡಿ ಎನ್ನುತ್ತೇನೆ, ವರ್ಷದ ಕೊನೆಗೆ ಬೇಡ.

ಟಿಸಿಎಸ್ ತನ್ನಷ್ಟಕ್ಕೆ ಬರುವುದಿಲ್ಲ. ಪೋರ್ಟಲ್‌ನವರು ಮುಂದಿನ ತಿಂಗಳ 10ರೊಳಗೆ ರಿಟರ್ನ್ ಹಾಕುತ್ತಾರೆ. ಆಮೇಲೆ ನೀವು ಜಿಎಸ್‌ಟಿ ವೆಬ್‌ಸೈಟಿಗೆ ಹೋಗಿ ಒಪ್ಪಿಕೊಂಡರೆ ಅಲ್ಲಿರುವ ನಿಮ್ಮ ಕ್ಯಾಶ್ ಲೆಡ್ಜರಿಗೆ (ತೆರಿಗೆ ಕಟ್ಟಲು ಬಳಸುವ ಖಾತೆ) ಜಮೆ ಆಗುತ್ತದೆ. ಟಿಡಿಎಸ್ ಅನ್ನು ಆದಾಯ ತೆರಿಗೆ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನ ತೆರಿಗೆ ಜಮೆಯ ಪಟ್ಟಿಯಲ್ಲಿ ನೋಡಿ.

ಹಿಂದಿನ ತಿಂಗಳುಗಳಲ್ಲಿ ಕಡಿಮೆ ತೋರಿಸಿದ್ದನ್ನು ನೋಟಿಸ್ ಬರುವವರೆಗೆ ಕಾಯದೆ ಸರಿಮಾಡಿ. ಮುಂದಿನ ಜಿಎಸ್‌ಟಿಆರ್-1ರಲ್ಲಿ (ನಿಮ್ಮ ಮಾರಾಟದ ರಿಟರ್ನ್) ತಿದ್ದಬಹುದು, ಕಡಿಮೆ ಬಿದ್ದ ತೆರಿಗೆಯನ್ನು ಬಡ್ಡಿ ಸೇರಿಸಿ ಕಟ್ಟಬೇಕು. ಬಿಟ್ಟುಹೋದ ಇನ್‌ಪುಟ್ ಅನ್ನೂ ಆಗಲೇ ತೆಗೆದುಕೊಳ್ಳಿ. ಎರಡಕ್ಕೂ ಆ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೆ ಅವಕಾಶ ಇದೆ. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಹಾಕಿದರೆ ಅಲ್ಲಿಗೇ ಮುಗಿಯಿತು, ಹಾಗಾಗಿ ಅದನ್ನು ಹಾಕುವ ಮೊದಲೇ ಈ ಕೆಲಸ ಮುಗಿಸಿ.