ಮಾದರಿ ಕಾರುಗಳ ಸಾಲಿನಲ್ಲಿ ಮೂರನೆಯದು ಯಾಕೆ ಗುದ್ದುತ್ತಿದೆ

ಒಂದರ ಹಿಂದೆ ಒಂದು ತಾನಾಗಿಯೇ ಓಡುವ ನಿಮ್ಮ ಪುಟ್ಟ ಮಾದರಿ ಕಾರುಗಳಲ್ಲಿ ಮೊದಲನೆಯದು ಚೂರು ಬ್ರೇಕ್ ಹಾಕಿದರೂ ಮೂರನೆಯದು ಹೋಗಿ ಮುಂದಿನದಕ್ಕೆ ಗುದ್ದುತ್ತದೆ ಅಂದಿರಲ್ಲ, ಕಾರಣ ಬಹುಶಃ ನೀವು ಯಾವ ವೇಗಕ್ಕೂ ಒಂದೇ 30 ಸೆಂ.ಮೀ. ಅಂತರ ಕೊಟ್ಟಿರುವುದು. ಪ್ರತಿ ಕಾರೂ ಮುಂದಿನದನ್ನಷ್ಟೇ ನೋಡಿ ತಡವಾಗಿ ಬ್ರೇಕ್ ಹಾಕುತ್ತದೆ, ಹಿಂದೆ ಹೋದಷ್ಟೂ ಆ ಏರುಪೇರು ಜಾಸ್ತಿಯಾಗುತ್ತದೆ. ಕುಂಬಳೆ ಹೆದ್ದಾರಿಯಲ್ಲಿ ಮುಂದಿನ ಬಸ್ ನಿಧಾನ ಮಾಡಿದರೆ ಹಿಂದಿನವರು ನಿಂತೇ ಬಿಡುತ್ತಾರೆ ಅಲ್ವಾ, ಅದೇ.

ಮೊದಲು ಅಂತರವನ್ನು ವೇಗಕ್ಕೆ ತಕ್ಕಂತೆ ಬದಲಿಸಿ: ನಿಂತಾಗಿನ ಅಂತರಕ್ಕೆ 1 ಸೆಕೆಂಡಿನಲ್ಲಿ ಕಾರು ಓಡುವ ದೂರ ಸೇರಿಸಿ. ಅಷ್ಟಕ್ಕೇ ಸರಿಹೋಗಬಹುದು. ಆಮೇಲೆ ಮುಂದಿನ ಕಾರಿನ ವೇಗವರ್ಧನೆಯನ್ನು (ವೇಗ ಎಷ್ಟು ಬೇಗ ಏರುತ್ತಿದೆ ಅಥವಾ ಇಳಿಯುತ್ತಿದೆ ಅನ್ನುವುದನ್ನು) ವೈಫೈಯಲ್ಲಿ ಹಿಂದಿನದಕ್ಕೆ ಕಳಿಸಿ, ಜೊತೆಗೆ ಕಳಿಸಿದ ಸಮಯವೂ ಇರಲಿ, ತಡವಾಗಿ ಬಂದ ಸಂದೇಶ ಬಿಟ್ಟುಬಿಡಿ. ಇದು ಕೆಲಸ ಮಾಡಿದರೆ ಆ 1 ಸೆಕೆಂಡನ್ನು ಸ್ವಲ್ಪ ಸ್ವಲ್ಪವೇ ಇಳಿಸಿ.

ಸದ್ದು ಕಳಿಸಿ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್‌ಗಳಲ್ಲಿ ಒಂದರ ಸದ್ದು ಇನ್ನೊಂದಕ್ಕೆ ಕೇಳುತ್ತಿರಲೂಬಹುದು, ಕಾರುಗಳ ಲಾಗ್ (ಓಡುವಾಗಿನ ದಾಖಲೆ) ನೋಡದೆ ಖಚಿತವಾಗಿ ಹೇಳೋಕಾಗಲ್ಲ. ಒಂದೊಂದೇ ಆನ್ ಮಾಡಿ ನೋಡಿ.